ಎರೆ ಹೊಲದಲ್ಲಿ ನೆಲದಡಿ ಕೋಣೆ ಕಟ್ಟಿಸಿದ ಕತೆ

ಮನೆ, ಗೋದಾಮು, ಕಲ್ಯಾಣ ಮಂಟಪಗಳಿಗೆ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುವುದು ನನ್ನ ಕೆಲಸ. ಕೊಪ್ಪಳದಲ್ಲಿ ಸಣ್ಣ ಆಫೀಸು ಇದೆ. ನೆಲದಡಿ ಕಟ್ಟೋದು ಅಂದ್ರೆ ನಮಗೆ ನೀರಿನ ಟ್ಯಾಂಕು, ಇಲ್ಲಾಂದ್ರೆ ಸೆಪ್ಟಿಕ್ ಟ್ಯಾಂಕು, ಅಷ್ಟೇ. ಹಾಗಾಗಿ ಯಲಬುರ್ಗಾ ಕಡೆಯ ಗೌಡರೊಬ್ಬರು ಬಂದು ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿ, "ಸರ, ನಮ್ಮ ಹೊಲದಾಗ ಇಂಥಾದ್ದೊಂದು ಮಾಡಿಕೊಡ್ರಿ" ಅಂದಾಗ ನಾನು ಅದನ್ನು ಎರಡು ಸಲ ನೋಡಿದೆ.

ವಿಡಿಯೋ ಅಮೆರಿಕದ ಒಕ್ಲಹೋಮದ್ದು. ಗೌಡರ ಅಳಿಯ ಅಲ್ಲಿದ್ದಾನೆ. ಕಾರು ನಿಲ್ಲಿಸುವ ಜಾಗದ ನೆಲದಲ್ಲಿ ಒಂದು ಸ್ಟೀಲ್ ಮುಚ್ಚಳ. ಪಕ್ಕಕ್ಕೆ ಜಾರಿಸಿದರೆ ಕೆಳಗೆ ನಾಲ್ಕಾರು ಮೆಟ್ಟಿಲು, ಎರಡು ಬೆಂಚು, ಒಂದು ಲೈಟು. ಸುಂಟರಗಾಳಿಯ ಸೈರನ್ ಆದರೆ ಮನೆ ಮಂದಿಯೆಲ್ಲ ಇಳಿದು ಮುಚ್ಚಳ ಎಳೆದುಕೊಳ್ಳುತ್ತಾರೆ.

ಗೌಡರಿಗೆ ಇದು ಯಾಕೆ ಬೇಕಾಯಿತು ಅನ್ನೋದು ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂತು. ಹಿಂದಿನ ವರ್ಷ ಭರಣಿ ಮಳೆಯ ಹೊತ್ತಿಗೆ ಪಕ್ಕದ ಹೊಲದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ ಆಳು ಸಿಡಿಲು ಬಡಿದು ಸತ್ತಿದ್ದ. "ಅವತ್ತು ನಮ್ಮ ಹೊಲದಾಗ ಇಪ್ಪತ್ತು ಮಂದಿ ಇದ್ರು ಸರ. ನಮ್ಮಲ್ಲಿ ಇರೂದೂ ಅಂಥಾದ್ದ ಒಂದು ಬೇವಿನ ಮರ. ಎಲ್ಲಾರೂ ಅದರ ಬುಡಕ್ಕ ನಿಂತಿದ್ರು. ಸಿಡ್ಲು ಅದರ ಮ್ಯಾಲೆ ಬಿದ್ದಿದ್ರ?"

ಯಲಬುರ್ಗಾದ ಎರೆ ಸೀಮೆ ನೋಡಿದವರಿಗೆ ಈ ಮಾತು ಅರ್ಥ ಆಗುತ್ತೆ. ಕಣ್ಣು ಹಾಯುವ ತನಕ ಕರಿ ನೆಲ. ಅಲ್ಲೊಂದು ಇಲ್ಲೊಂದು ಮರ. ಊರು ದೂರ. ಹೊಲದಲ್ಲಿ ಇರೋದು ಮೋಟರ್ ಸ್ಟಾರ್ಟರ್ ಇಟ್ಟ ಗೂಡು, ಇಲ್ಲಾ ನಾಲ್ಕು ಕಂಬದ ಮೇಲಿನ ತಗಡು. ಮೋಡ ಕಟ್ಟಿದರೆ ಓಡಿಹೋಗೋದಕ್ಕೆ ಜಾಗವೇ ಇಲ್ಲ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ಕ್ಕೆ ಕೊಟ್ಟ ಲೆಕ್ಕ 2,887. ಹೆಚ್ಚಿನವರು ಹೊಲದಲ್ಲೋ ಮರದ ಕೆಳಗೋ ಇದ್ದವರು.

ಒಪ್ಪಿಕೊಂಡೆ. ಆದರೆ ವಿಡಿಯೋದಲ್ಲಿದ್ದ ಡಬ್ಬಿಯನ್ನೇ ಇಲ್ಲಿ ತಂದು ಹೂಳುವ ಮೊದಲು, ಆ ಡಬ್ಬಿ ಯಾವುದಕ್ಕೆ ಹೆದರಿ ಹುಟ್ಟಿದ್ದು ಅಂತ ನೋಡಬೇಕಿತ್ತು.

ಅಮೆರಿಕದಲ್ಲಿ ಇಂಥ ಕೋಣೆಗಳಿಗೆ ಫೆಮಾ ಅನ್ನುವ ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆಯ ಮಾರ್ಗಸೂಚಿ ಇದೆ, ಪಿ-361 ಅಂತ. ಸುಂಟರಗಾಳಿ ಜಾಸ್ತಿ ಇರುವ ರಾಜ್ಯಗಳಲ್ಲಿ ಗಂಟೆಗೆ 250 ಮೈಲಿ ಗಾಳಿ ತಡೆಯುವ ಹಾಗೆ ಡಿಸೈನ್ ಮಾಡಬೇಕು. ನಮ್ಮ ಲೆಕ್ಕದಲ್ಲಿ 400 ಕಿ.ಮೀ. ಬರೀ ಗಾಳಿ ತಡೆದರೆ ಸಾಲದು. ಏಳು ಕಿಲೋದಷ್ಟು ತೂಕದ ಮರದ ತುಂಡನ್ನು ಗಂಟೆಗೆ 160 ಕಿ.ಮೀ. ವೇಗದಲ್ಲಿ ಗೋಡೆಗೆ ಹೊಡೆದು, ಅದು ಒಳಗೆ ತೂರಲಿಲ್ಲ ಅಂತ ಪರೀಕ್ಷೆ ಮಾಡಿ ತೋರಿಸಬೇಕು. ಅವರ ಮನೆಗಳೇ ಮರದ್ದು, ಗಾಳಿಗೆ ಕಿತ್ತು ಬಂದರೆ ಅವೇ ಬಾಣ. ಒಕ್ಲಹೋಮದ ಮೂರ್ ಪಟ್ಟಣಕ್ಕೆ 1999ರಲ್ಲೂ 2013ರಲ್ಲೂ ಭಾರಿ ಸುಂಟರಗಾಳಿ ಬಡಿಯಿತು. 2013ರದ್ದರಲ್ಲಿ ಒಂದು ಶಾಲೆಯಲ್ಲೇ ಏಳು ಮಕ್ಕಳು ಸತ್ತರು. ಅಂಥ ಕಡೆ ನೆಲದಡಿ ಹೋಗೋದು ಸರಿ.

ನಮ್ಮಲ್ಲಿ? ಗಾಳಿಯ ಹೊರೆಗೆ ನಾವು ಬಳಸೋದು ಐಎಸ್ 875 ಅನ್ನುವ ಭಾರತೀಯ ಮಾನದಂಡದ ಮೂರನೇ ಭಾಗ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ನಮ್ಮ ಪಕ್ಕದ ಕರ್ನೂಲಿಗೆ 39. ಗಂಟೆಗೆ 140 ಕಿ.ಮೀ. ಅಂದುಕೊಳ್ಳಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 39 ಮೀಟರ್ ಗಾಳಿ ಚದರ ಮೀಟರಿಗೆ ಸುಮಾರು 90 ಕಿಲೋ ತಳ್ಳಿದರೆ, ಒಕ್ಲಹೋಮದ 112 ಮೀಟರ್ (ಅದೇ ಗಂಟೆಗೆ 400 ಕಿ.ಮೀ.) ಗಾಳಿ 750 ಕಿಲೋ ದಾಟಿಸುತ್ತದೆ. ಎಂಟು ಪಟ್ಟು. ನಮ್ಮ ಬಿರುಗಾಳಿ ತಗಡು ಹಾರಿಸುತ್ತೆ, ಕರೆಂಟ್ ಕಂಬ ಮಲಗಿಸುತ್ತೆ, ಹಳೆ ಮಣ್ಣಿನ ಗೋಡೆ ಉರುಳಿಸುತ್ತೆ. ಒಂದು ಸಾದಾ ಕಾಂಕ್ರೀಟ್ ಕೋಣೆಯನ್ನು ಅಲ್ಲಾಡಿಸೋದಿಲ್ಲ. ಹೊಲದಲ್ಲಿರೋ ಮನುಷ್ಯನನ್ನು ಕೊಲ್ಲೋದು ಗಾಳಿಗಿಂತ ಸಿಡಿಲು.

ಅಂದರೆ ಗಾಳಿಗೋಸ್ಕರ ನೆಲದಡಿ ಹೋಗಬೇಕಿಲ್ಲ. ಇದನ್ನು ಫೋನ್ ಮಾಡಿ ಹೇಳಿದೆ. ಗೌಡರು ಒಪ್ಪಲಿಲ್ಲ. "ನೆಲದಾಗ ಇದ್ರ ಸಿಡ್ಲು ಹೆಂಗ ಬಡಿತೈತ್ರಿ?" ಅಂದರು. ಇದು ಬಹಳ ಜನರ ನಂಬಿಕೆ. ಸಿಡಿಲು ನೆಲಕ್ಕೆ ಬಿದ್ದ ಮೇಲೆ ಅಲ್ಲೇ ಮುಗಿಯಲ್ಲ. ನೆಲದಲ್ಲಿ ಸುತ್ತಲೂ ಹರಡುತ್ತೆ. ಹತ್ತಿರದಲ್ಲಿ ಕಾಲು ಅಗಲಿಸಿ ನಿಂತವನ ಎರಡು ಪಾದಗಳ ನಡುವೆಯೇ ವೋಲ್ಟೇಜ್ ವ್ಯತ್ಯಾಸ ಆಗಿ ಕರೆಂಟು ಒಂದು ಕಾಲಿಂದ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ. ನಾಲ್ಕು ಕಾಲಿನ ದನಕ್ಕೆ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಅದಕ್ಕೇ ಒಂದೇ ಸಿಡಿಲಿಗೆ ಕುರಿಹಿಂಡೇ ಮಲಗೋದು. ಬರೀ ಗುಂಡಿ ತೋಡಿ ಕೂತರೆ ಈ ಕರೆಂಟಿಂದ ತಪ್ಪಿಸಿಕೊಂಡ ಹಾಗಲ್ಲ. ಕಾಪಾಡೋದು ಆಳ ಅಲ್ಲ. ಸುತ್ತಲೂ ಒಂದಕ್ಕೊಂದು ಕಟ್ಟಿದ ಕಬ್ಬಿಣ, ಅದಕ್ಕೆ ಸರಿಯಾದ ಅರ್ಥಿಂಗ್.

ಆದರೂ ಜಾಗ ನೋಡೋಣ ಅಂತ ಹೋದೆ.

ಗೌಡರು ತೋರಿಸಿದ್ದು ಬೋರ್‌ವೆಲ್ ಪಕ್ಕದ ತಗ್ಗು. ರಸ್ತೆಗೆ ಹತ್ತಿರ, ಕರೆಂಟೂ ಇದೆ. ಜೆಸಿಬಿ ಕರೆಸಿ ಅಲ್ಲೊಂದು ಗುಂಡಿ ತೆಗೆಸಿದೆವು. ಆಳೆತ್ತರ ಹೋದರೂ ಬರೀ ಎರೆ, ನಡುನಡುವೆ ಬಿಳಿ ಸುಣ್ಣಕಲ್ಲಿನ ಹರಳು. ಅದರ ಕೆಳಗೆ ಗರಸು, ಅಂದರೆ ಕಲ್ಲುಹರಳು ಬೆರೆತ ಗಟ್ಟಿ ಮಣ್ಣು, ಸಿಕ್ಕಿತು. ಬೇಸಿಗೆ ಬಿರುಕಿನಲ್ಲಿ ನನ್ನ ಸ್ಟೀಲ್ ಟೇಪು ಬಿಟ್ಟೆ. ಮೂರಡಿ ದಾಟಿ ಇಳಿದು ಸಿಕ್ಕಿಕೊಂಡಿತು. ಅಲ್ಲಿಂದ ಎಳೆದು ತೆಗೆಯೋದೇ ಒಂದು ಕೆಲಸ ಆಯಿತು.

ಆ ಎರೆ ಮಣ್ಣನ್ನು ಒಂದು ಚೀಲದಲ್ಲಿ ತಂದು, ನೀರು ಕುಡಿದು ಎಷ್ಟು ಉಬ್ಬುತ್ತೆ ಅಂತ ನೋಡುವ ಫ್ರೀ ಸ್ವೆಲ್ ಪರೀಕ್ಷೆ ಮಾಡಿದೆ. ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ, ನೋಡೋಕೂ ಚೆಂದ. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತತ್ತು ಗ್ರಾಂ, ಗೆರೆ ಇರುವ ಎರಡು ಗಾಜಿನ ಜಾಡಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ, ಗುಳ್ಳೆ ಬಿಡಿಸಿ, ಒಂದು ದಿನ ಸುಮ್ನೆ ಬಿಡೋದು. ಸೀಮೆಎಣ್ಣೆ ಕುಡಿದು ಎರೆ ಉಬ್ಬಲ್ಲ, ನೀರು ಕುಡಿದರೆ ಉಬ್ಬುತ್ತೆ. ಮರುದಿನ ಸೀಮೆಎಣ್ಣೆ ಜಾಡಿಯಲ್ಲಿ ಮಣ್ಣು 11ರ ಗೆರೆಗೆ ಕೂತಿತ್ತು. ನೀರಿನದು 20ಕ್ಕೆ. ಎಂಬತ್ತು ಶೇಕಡ ಉಬ್ಬು. ಐವತ್ತು ದಾಟಿದರೇ ನಾವು ಹುಷಾರಾಗುತ್ತೇವೆ.

ಇಂಥ ಮಣ್ಣಿನಲ್ಲಿ ಪೂರ್ತಿ ಹೂತ ಗೋಡೆಗೆ ಏನಾಗುತ್ತೆ? ಮಳೆಗಾಲದಲ್ಲಿ ಮಣ್ಣು ಉಬ್ಬಿ ಗೋಡೆಯನ್ನು ಒಳಕ್ಕೆ ತಳ್ಳುತ್ತೆ. ಬೇಸಿಗೆಯಲ್ಲಿ ಕುಗ್ಗಿ ಗೋಡೆಗೂ ಮಣ್ಣಿಗೂ ನಡುವೆ ಸಂದು ಬಿಡುತ್ತೆ. ಮೊದಲ ಮಳೆ ನೀರು ನೇರ ಆ ಸಂದಿನಲ್ಲಿ ಇಳಿಯುತ್ತೆ. ವರ್ಷಾ ವರ್ಷಾ ಇದೇ ತಳ್ಳಾಟ. ನಮ್ಮ ಕಡೆ ಹೊಸ ಮನೆಯ ಗೋಡೆ ಮೂರೇ ವರ್ಷಕ್ಕೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳೋದು ಇದಕ್ಕೇ.

ಇನ್ನೊಂದು ಅಪಾಯ ಹೇಳಿದರೆ ಮೇಸ್ತ್ರಿಗಳೂ ಮೊದಲು ನಗುತ್ತಾರೆ. ನೆಲದಡಿಯ ಖಾಲಿ ಕೋಣೆ ತೇಲುತ್ತೆ. ನಾನು ಮೊದಲು ಹಾಕಿದ ಅಳತೆ ಒಳಗೆ 4 ಮೀಟರ್ ಉದ್ದ, ಎರಡೂವರೆ ಅಗಲ, 2.1 ಎತ್ತರ. ಗೋಡೆ, ಸ್ಲ್ಯಾಬು ಸೇರಿಸಿ ಹೊರಗಿನ ಗಾತ್ರ 32 ಘನ ಮೀಟರ್ ದಾಟುತ್ತೆ. ಸುತ್ತ ನೀರು ಸ್ಲ್ಯಾಬಿನ ಮಟ್ಟಕ್ಕೆ ನಿಂತರೆ ಅದು 32 ಟನ್ ಮೇಲಕ್ಕೆ ಎತ್ತುತ್ತೆ. ಕಾಂಕ್ರೀಟಿನ ತೂಕ 29 ಟನ್ ಹತ್ತಿರ. ಮೇಲೆ ಮಣ್ಣು ಹೇರಬೇಕು, ಇಲ್ಲಾ ತಳದ ಸ್ಲ್ಯಾಬನ್ನು ಗೋಡೆಯಿಂದ ಹೊರಗೆ ಒಂದಡಿ ಚಾಚಿ ಅದರ ಮೇಲಿನ ಮಣ್ಣಿನಿಂದ ಹಿಡಿದಿಡಬೇಕು. ತೂಕ ಎತ್ತುವ ಬಲದ 1.2 ಪಟ್ಟಾದರೂ ಇರಲಿ ಅನ್ನೋದು ನಮ್ಮ ರೂಢಿ. ಮಾಡಬಹುದು, ದುಡ್ಡು ಬೇಕು.

ದುಡ್ಡು ಸುರಿದರೂ ನೀರು ಒಳಗೆ ಬರೋದು ನಿಲ್ಲುತ್ತಾ? ಒಕ್ಲಹೋಮದಲ್ಲೇ 2015ರ ಮೇ ತಿಂಗಳಲ್ಲಿ ಒಬ್ಬ ಮಹಿಳೆ ಸುಂಟರಗಾಳಿಗೆ ಹೆದರಿ ತನ್ನ ನೆಲದಡಿ ಕೋಣೆಗೆ ಇಳಿದರು. ಅದೇ ಹೊತ್ತಿಗೆ ಸುರಿದ ಮಳೆ ನೀರು ಒಳಗೆ ನುಗ್ಗಿ ಮುಳುಗಿ ಸತ್ತರು. ದಿಲ್ಲಿಯಲ್ಲಿ 2024ರ ಜುಲೈನಲ್ಲಿ ಕೋಚಿಂಗ್ ಸೆಂಟರಿನ ನೆಲಮಾಳಿಗೆಗೆ ನೀರು ನುಗ್ಗಿ ಮೂರು ಮಂದಿ ವಿದ್ಯಾರ್ಥಿಗಳು ಸತ್ತಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಒಡಿಶಾ, ಆಂಧ್ರದ ಕರಾವಳಿಯಲ್ಲಿ ಚಂಡಮಾರುತದ ಆಶ್ರಯ ಕಟ್ಟಡಗಳನ್ನು ಕಂಬದ ಮೇಲೆ ಎತ್ತಿ ಕಟ್ಟಿರೋದು ಸುಮ್ನೆ ಅಲ್ಲ. ಅಲ್ಲಿ ಗಾಳಿಯ ಹಿಂದೆಯೇ ಸಮುದ್ರದ ನೀರು ಬರುತ್ತೆ.

ನಮ್ಮ ಕೊಪ್ಪಳಕ್ಕೆ ವರ್ಷಕ್ಕೆ ಬರೋದೇ 600 ಮಿ.ಮೀ. ಆಸುಪಾಸು ಮಳೆ, ಇಲ್ಲೇನು ಪ್ರವಾಹ ಅಂತ ಗೌಡರು ಕೇಳಿದರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನೆನಪು ಮಾಡಿಕೊಳ್ಳಿ ಅಂದೆ. ಆಗ ಉತ್ತರ ಕರ್ನಾಟಕದ ತುಂಬಾ ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು, ಮಂತ್ರಾಲಯಕ್ಕೇ ತುಂಗಭದ್ರೆ ನುಗ್ಗಿತ್ತು. "ಆಗ ಈ ತಗ್ಗಿನಾಗ ನೀರು ಎಲ್ಲೀತನ ನಿಂತಿತ್ರಿ?" ಗೌಡರು ಬೋರ್‌ವೆಲ್ಲಿನ ಕೇಸಿಂಗ್ ಪೈಪು ನೋಡಿದರು, ಮೊಣಕಾಲಿಗಿಂತ ಸ್ವಲ್ಪ ಮೇಲೆ ಕೈ ಇಟ್ಟರು. ಆ ಜಾಗದ ಮಾತು ಅಲ್ಲಿಗೆ ಮುಗಿಯಿತು.

ಸರಿಯಾದ ಜಾಗ ತೋರಿಸಿದವರು ಗೌಡರ ತಂದೆ. ಎಂಬತ್ತು ದಾಟಿದ ಅಜ್ಜ, ಕಟ್ಟೆ ಮೇಲೆ ಕೂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ನೆಲದಾಗ ಇಡೂದು ನಮಗೇನು ಹೊಸದೇನ್ ತಮ್ಮಾ? ಹಗೇವು ಎಲ್ಲಿ ತಗೀತಿದ್ರು ಅಂತ ಕೇಳು" ಅಂದರು.

ಹಗೇವು ಗೊತ್ತಿಲ್ಲದ ಹುಡುಗರಿಗೆ ಹೇಳಬೇಕು. ಜೋಳ ತುಂಬಿಡೋಕೆ ನೆಲದಲ್ಲಿ ತೋಡುವ ಕಣಜ. ಬಾಯಿ ಒಬ್ಬ ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ಗೋಡೆಗುಂಟ ಹುಲ್ಲು, ದಂಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಅಜ್ಜ ಹೇಳಿದ್ದು ಎರಡು ಮಾತು. ಹಗೇವು ಎರೆಯಲ್ಲಿ ತೆಗೆಯೋದಿಲ್ಲ, ಗರಸಿರುವ ದಿನ್ನೆ ನೋಡಿ ತೆಗೀತಾರೆ, ಮಳೆ ನೀರು ನಾಲ್ಕೂ ಕಡೆ ಹರಿದುಹೋಗಬೇಕು. ಎರಡನೇದು, ಬಾಯಿ ತೆಗೆದ ದಿನವೇ ಯಾರೂ ಇಳೀಬಾರದು. ಒಂದು ದಿನ ಗಾಳಿಗೆ ಬಿಟ್ಟು, ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಒಳಗೆ ಉಸಿರಿಲ್ಲ.

ಎರಡೂ ನನ್ನ ಡ್ರಾಯಿಂಗಿಗೆ ಬಂದವು. ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತೆ. ಹುಳ ಸಾಯೋದು ಅದಕ್ಕೇ, ಅವಸರ ಮಾಡಿ ಇಳಿದ ಮನುಷ್ಯ ಸಾಯೋದೂ ಅದಕ್ಕೇ. ಮನುಷ್ಯರು ತುಂಬಿದ ಕೋಣೆಯಲ್ಲೂ ಲೆಕ್ಕ ಇದೇ. ಸುಮ್ನೆ ಕೂತ ಒಬ್ಬ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಇಪ್ಪತ್ತು ಜನ 400 ಲೀಟರ್. ನನ್ನ ಕೋಣೆಯ ಒಳಗಾತ್ರ 21 ಸಾವಿರ ಲೀಟರ್. ಒಂದೇ ಒಂದು ಸಂದಿಲ್ಲದೆ ಮುಚ್ಚಿದರೆ ಗಂಟೆಯಲ್ಲಿ ಎರಡು ಶೇಕಡ ಹತ್ತಿರ ಆಗುತ್ತೆ, ತಲೆನೋವು, ಏದುಸಿರು ಶುರು. ಮಳೆ ನಿಲ್ಲುವ ಮೊದಲೇ ಜನ ಬಾಗಿಲು ತೆಗೆದು ಹೊರಗೆ ಬರುತ್ತಾರೆ. ಹಾಗಾಗಿ ಎದುರುಬದುರು ಗೋಡೆಯಲ್ಲಿ ಒಂದು ಕೆಳಗೆ, ಒಂದು ಮೇಲೆ ದಪ್ಪ ಪೈಪು, ಬಾಯಿ ಕೆಳಮುಖ, ಅದಕ್ಕೆ ಸಣ್ಣ ಕಣ್ಣಿನ ಜಾಲರಿ.

ಜಾಲರಿಯ ಮಾತು ಬಂದಿದ್ದು ಹೊಲದ ಹೆಣ್ಣುಮಕ್ಕಳಿಂದ. ಶೇಂಗಾದಲ್ಲಿ ಕಳೆ ತೆಗೀತಿದ್ದರು. ಊಟದ ಹೊತ್ತಿಗೆ ಹೋಗಿ, ಇಂಥಾದ್ದೊಂದು ಕಟ್ಟಿದರೆ ಮೋಡ ಗುಡುಗಿದಾಗ ಒಳಗೆ ಹೋಗ್ತೀರಾ ಅಂತ ಕೇಳಿದೆ. ಡಿಸೈನಿನ ಅರ್ಧ ಅಲ್ಲೇ ಬದಲಾಯಿತು ಅನ್ನಬೇಕು.

"ಹಾವು ಚೇಳು ಇದ್ರ ಏನ್ ಮಾಡೂದ್ರೀ ಯಣ್ಣ? ವರ್ಷದಾಗ ಮೂರ ದಿನ ಬಾಗಲಾ ತಗೀತೀರಿ, ಉಳದ ದಿನ ಅವs ಇರ್ತಾವ." ಒಬ್ಬರ ಮಾತು.

"ಮೆಟ್ಲ ಇಳೀಬೇಕಂದ್ರ ನಂಗ ಆಗಂಗಿಲ್ಲಪಾ, ಮೊಣಕಾಲು." ಇನ್ನೊಬ್ಬರು.

ಮೂರನೆಯಾಕೆ ಸುಮ್ಮನೆ ರೊಟ್ಟಿ ತಿನ್ನುತ್ತಿದ್ದರು. ಕೊನೆಗೆ ಕೇಳಿದರು, "ಆಡು ಎಲ್ಲಿ ಕಟ್ಟೂದು?" ಆಕೆ ಕೂಲಿಗೆ ಬರುವಾಗ ಎರಡು ಆಡು ಹೊಡಕೊಂಡು ಬರುತ್ತಾರೆ, ಬದುವಿನಲ್ಲಿ ಮೇಯಲು ಬಿಡುತ್ತಾರೆ. ಅವನ್ನು ಹೊರಗೆ ಬಿಟ್ಟು ಒಳಗೆ ಹೋಗೋ ಪ್ರಶ್ನೆಯೇ ಇಲ್ಲ. ಒಂದು ಆಡಿನ ಬೆಲೆ ನಿಮಗೆ ಗೊತ್ತಲ್ವಾ?

ಫೆಮಾ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಐದು ಚದರ ಅಡಿ ಅಂತಿದೆ. ಆಡಿಗೆ ಎಷ್ಟು ಅಂತ ಇಲ್ಲ. 4 ಮೀಟರ್ ಇದ್ದ ಉದ್ದವನ್ನು 5 ಮಾಡಿದೆ. ಮನುಷ್ಯರ ಲೆಕ್ಕದಲ್ಲಿ 26 ಮಂದಿಗೆ ಸಾಕು. ಇಪ್ಪತ್ತು ಜನ, ಉಳಿದದ್ದು ಆಡು, ಮಕ್ಕಳು, ಬುತ್ತಿ ಗಂಟು.

ಅಜ್ಜ ತೋರಿಸಿದ ದಿನ್ನೆ ಹೊಲದ ನಡುವಿಗೆ ಸ್ವಲ್ಪ ಪಕ್ಕದಲ್ಲಿತ್ತು. ಮಣ್ಣು ತೆಳು, ಒಂದಡಿ ಎರೆ, ಕೆಳಗೆ ಗಟ್ಟಿ ಗರಸು. ಬೆಳೆ ಅಷ್ಟಕ್ಕಷ್ಟೇ, ಹಾಗಾಗಿ ಗೌಡರಿಗೂ ನಷ್ಟ ಇಲ್ಲ. ಹೊಲದ ಯಾವ ಮೂಲೆಯಿಂದ ನಡೆದರೂ ಐದು ನಿಮಿಷದ ಒಳಗೆ ತಲುಪಬಹುದು. ನಾನೇ ನಡೆದು ನೋಡಿದೆ. ಬಿತ್ತಿದ ಹಸಿ ಎರೆಯಲ್ಲಿ ಐದು ನಿಮಿಷ ಹತ್ತಾಗುತ್ತೆ ಅಂತ ಗೌಡರು ನಕ್ಕರು, ಅದೂ ನಿಜವೇ. ಚಪ್ಪಲಿಗೆ ಎರಡೆರಡು ಕಿಲೋ ಮಣ್ಣು ಮೆತ್ತುತ್ತೆ. ಅದಕ್ಕೆ ಎರಡು ದಿಕ್ಕಿಗೆ ಗರಸು ಹಾಕಿದ ಕಾಲುದಾರಿ ಮಾಡಿಸಿದೆವು. ನನ್ನ ಪ್ರಕಾರ ಆ ದಾರಿಗೆ ಹಾಕಿದ ದುಡ್ಡು ಕೋಣೆಗೆ ಹಾಕಿದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದೆ.

ಕೊನೆಗೆ ನಿಂತ ರೂಪ ಹೀಗಿದೆ. ಕೆಳಕ್ಕೆ ತೋಡುವ ಬದಲು ದಿನ್ನೆಯ ಪಕ್ಕಕ್ಕೆ ಕೊರೆದೆವು. ಹಿಂದೆ ಮತ್ತು ಎರಡು ಬದಿ ಮಣ್ಣು, ಮೇಲೆ ಒಂದೂವರೆ ಅಡಿ ಮಣ್ಣು. ಮುಂದಿನ ಬದಿ ಮಾತ್ರ ಇಳಿಜಾರಿಗೆ ತೆರೆದಿದೆ. ಒಳಗಿನ ನೆಲ ಹೊರಗಿನ ನೆಲಕ್ಕಿಂತ ಅರ್ಧ ಅಡಿ ಮೇಲೆ, ಹೊಸ್ತಿಲ ಕಡೆಗೆ ಸಣ್ಣ ವಾಟ. ನೀರು ಬಂದರೂ ತಾನಾಗಿ ಹೊರಗೆ ಹೋಗುತ್ತೆ, ಪಂಪು ಬೇಡ, ಮೆಟ್ಟಿಲೂ ಬೇಡ. ಬಾಗಿಲಿನ ಮುಂದೆ ನಾಲ್ಕಡಿ ಬಿಟ್ಟು ಒಂದು ಅಡ್ಡಗೋಡೆ, ಹಾರಿಬರೋ ತಗಡು, ಆಣೆಕಲ್ಲು ನೇರ ಒಳಗೆ ನುಗ್ಗದ ಹಾಗೆ.

ಡ್ರಾಯಿಂಗ್ ನೋಡಿ ಗೌಡರ ಮುಖ ಸಪ್ಪಗಾಯಿತು. "ಇದು ನೆಲದಾಗಿಂದಲ್ಲಲ್ರೀ ಸರ. ಅಳಿಯಗ ಏನಂತ ತೋರಿಸ್ಲಿ?" ಮೂರು ಕಡೆ, ಮೇಲೆ ಎಲ್ಲಾ ನೆಲವೇ ಇದೆಯಲ್ಲ ಅಂದೆ. ಅಜ್ಜ ಒಳಗಿಂದಲೇ, "ಅಳಿಯ ಬಂದ್ರ ಅವನ್ನs ಕುಂದ್ರಸು ಅದರಾಗ" ಅಂದರು.

ಕಟ್ಟುವಾಗ ತೀರಾ ಎಚ್ಚರ ವಹಿಸಿದ್ದು ಎರಡು ವಿಷಯಕ್ಕೆ. ಮೊದಲನೇದು ಗೋಡೆಯ ಹಿಂದೆ ತುಂಬುವ ಮಣ್ಣು. ಅಗೆದ ಎರೆಯನ್ನೇ ವಾಪಸ್ ತಳ್ಳಿಬಿಡೋದು ಜೆಸಿಬಿಯವರ ಅಭ್ಯಾಸ. ಅದನ್ನು ಬಿಡಲಿಲ್ಲ. ಉಬ್ಬದ, ಆದರೆ ಅಂಟುಗುಣ ಇರುವ ಮಣ್ಣನ್ನು ಎರೆಗೂ ಕಟ್ಟಡಕ್ಕೂ ನಡುವೆ ದಪ್ಪ ಪದರವಾಗಿ ಹಾಕಿದರೆ ಎರೆಯ ಉಬ್ಬು ಕಟ್ಟಡಕ್ಕೆ ತಟ್ಟೋದಿಲ್ಲ. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಬೆಳೆಸಿದ ವಿಧಾನ ಇದು, ಎರೆ ಸೀಮೆಯಲ್ಲಿ ಕಾಲುವೆ ತೆಗೆಯುವಾಗ ಬಳಸುತ್ತಾರೆ. ನಮಗೆ ದಿನ್ನೆಯ ಗರಸೇ ಸಿಕ್ಕಿತು. ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಿಸಿದೆವು. ಗೋಡೆಯ ಬುಡದಲ್ಲಿ ಜಲ್ಲಿ, ತೂತಿನ ಪೈಪು, ಅದರ ಬಾಯಿ ಇಳಿಜಾರಿಗೆ.

ಎರಡನೇದು ಕಬ್ಬಿಣ. ಸಿಡಿಲಿಂದ ಕಾಪಾಡೋದು ಅದೇ ಅಂದೆನಲ್ಲ. ತಳ, ನಾಲ್ಕು ಗೋಡೆ, ಮೇಲಿನ ಸ್ಲ್ಯಾಬು, ಎಲ್ಲದರ ಸರಳುಗಳೂ ಒಂದಕ್ಕೊಂದು ಮುಟ್ಟಿರಬೇಕು. ಬರೀ ಬೈಂಡಿಂಗ್ ವೈರು ನಂಬದೆ, ಮೂಲೆಗಳಲ್ಲಿ ಸರಳಿಗೆ ಸರಳು ವೆಲ್ಡ್ ಮಾಡಿಸಿದೆ. ಬಾಗಿಲ ಚೌಕಟ್ಟೂ ಅದಕ್ಕೇ ಸೇರಿತು. ಹೀಗೆ ಮಾಡಿದರೆ ಕೋಣೆ ಒಂದು ಕಬ್ಬಿಣದ ಪಂಜರ. ಸಿಡಿಲು ಮೇಲೆ ಬಿದ್ದರೂ ಕರೆಂಟು ಪಂಜರದ ಸರಳುಗಳಲ್ಲೇ ಹರಿದು ನೆಲ ಸೇರುತ್ತೆ. ಒಳಗಿನ ನೆಲದಲ್ಲೂ ಜಾಲ ಇರೋದರಿಂದ ಎರಡು ಪಾದಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಏಳೋದಿಲ್ಲ.

ಅರ್ಥಿಂಗ್ ಮಾಡುವಾಗ ಒಂದು ಮಜಾ. ಗೋಡೆಗೆ ಶತ್ರುವಾದ ಎರೆ, ಅರ್ಥಿಂಗ್‌ಗೆ ನೆಂಟ. ಹಸಿ ಇರುವ ಎರೆಯಲ್ಲಿ ಕರೆಂಟು ಸಲೀಸಾಗಿ ಇಳಿಯುತ್ತೆ, ಒಣ ಗರಸಿನಲ್ಲಿ ಇಳಿಯೋದಿಲ್ಲ. ಹಾಗಾಗಿ ಕೋಣೆಯ ಸುತ್ತ ಒಂದು ಮೀಟರ್ ಆಚೆ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯ ಉಂಗುರ ಹೂತು, ಅದರಿಂದ ಎರಡು ಬಾಲ ಎಳೆದು ದಿನ್ನೆಯ ಕೆಳಗಿನ ಆಳದ ಎರೆಗೆ ಇಳಿಸಿದೆವು. ಬೇಸಿಗೆ ಬಿರುಕು ಮುಟ್ಟದಷ್ಟು ಆಳ. ಸಿಡಿಲು ಹಿಡಿಯೋಕೆ ಮೇಲೆ ಒಂದು ಎತ್ತರದ ಕಂಬ. ಪಂಪಿನ ಕರೆಂಟ್ ತಂತಿ ಮಾತ್ರ ಒಳಗೆ ಬರಬಾರದು ಅಂದೆ, ಸಿಡಿಲು ಆ ತಂತಿ ಹಿಡಿದೇ ಒಳಗೆ ಬರುತ್ತೆ. ಲೈಟಿಗೆ ಸಣ್ಣ ಸೋಲಾರ್ ಲ್ಯಾಂಟರ್ನ್ ಸಾಕು.

ಮೇಸ್ತ್ರಿ ಒಳ್ಳೆ ಪ್ರಶ್ನೆ ಕೇಳಿದರು. "ಮ್ಯಾಲೆ ಹುಲ್ಲು ಬೆಳದ ಮ್ಯಾಲ ಇದು ದಿನ್ನಿ ಅಂತ ಯಾವನರ ಟ್ರ್ಯಾಕ್ಟರ್ ಹತ್ತಿಸಿದ್ರ?" ಹತ್ತಿಸೇ ಹತ್ತಿಸುತ್ತಾರೆ. ಸ್ಲ್ಯಾಬಿನ ಮೇಲೆ ಮಣ್ಣಿನದೇ ಚದರ ಮೀಟರಿಗೆ 800 ಕಿಲೋ ಹೊರೆ ಇದೆ. ಅದಕ್ಕೆ ಟ್ರ್ಯಾಕ್ಟರ್ ಗಾಲಿಯ ಹೊರೆಯನ್ನೂ ಸೇರಿಸಿ ಸ್ಲ್ಯಾಬ್ ದಪ್ಪ ಮಾಡಿದೆ, ಸುತ್ತ ಕಲ್ಲುಕಂಬ ನೆಡಿಸಿದೆ.

ಬಾಗಿಲು ಹೊರಗೆ ತೆರೆಯುತ್ತೆ. ಒಳಗಿಂದ ಚಿಲಕ, ಹೊರಗಿಂದ ಬೀಗ ಹಾಕೋಕೆ ಬರೋದಿಲ್ಲ. ಇದಕ್ಕೆ ಗೌಡರ ಜೊತೆ ದೊಡ್ಡ ವಾದವೇ ಆಯಿತು. ಬೀಗ ಇಲ್ಲದಿದ್ದರೆ ಇಸ್ಪೀಟು ಆಡೋರು ಬರ್ತಾರೆ ಅನ್ನೋದು ಅವರ ಚಿಂತೆ. ಬೀಗದ ಕೀಲಿ ಊರಲ್ಲಿ, ಸಿಡಿಲು ಹೊಲದಲ್ಲಿ ಆದರೆ? ಕೊನೆಗೆ ಅವರೇ ಸೋತರು. ಒಳಗೆ ಗೋಡೆಗುಂಟ ಕಡಪ ಕಲ್ಲಿನ ಕಟ್ಟೆ, ಎಲ್ಲಕ್ಕೂ ಸುಣ್ಣ. ಬಿಳಿ ಇದ್ದರೆ ಚೇಳು ಕಾಣುತ್ತೆ.

ಯಾವಾಗ ಒಳಗೆ ಹೋಗಬೇಕು ಅನ್ನೋದಕ್ಕೆ 30-30ರ ಲೆಕ್ಕ ಹೇಳಿಕೊಟ್ಟೆ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟರಲ್ಲಿ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗಿದೆ, ನಡೀರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬೇಡಿ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಎರಡನ್ನೂ ಗೌಡರ ಮೊಬೈಲಿಗೆ ಹಾಕಿಕೊಟ್ಟೆ. ಹೊಲದಲ್ಲಿ ನೆಟ್‌ವರ್ಕ್ ಕೈಕೊಡುತ್ತೆ. ಹಾಗಾಗಿ ಊರಲ್ಲಿರುವ ಅವರ ಮಗ ನೋಡಿ ಫೋನ್ ಮಾಡೋದು, ಹೊಲದ ಹುಡುಗ ಸೈರನ್ ಒತ್ತೋದು ಅಂತ ಆಗಿದೆ. ಹೆಣ್ಣುಮಕ್ಕಳು ಸೈರನ್ನಿಗೆ ಕಾಯೋದಿಲ್ಲ, ಎಣಿಸುತ್ತಾರೆ.

ಖರ್ಚು ನಾಲ್ಕು ಲಕ್ಷ ದಾಟಿತು. ಎಲ್ಲ ರೈತರಿಗೂ ಇದನ್ನೇ ಕಟ್ಟಿ ಅಂತ ನಾನು ಹೇಳಲ್ಲ. ಎರಡು ಎಕರೆಯವರಿಗೆ ಇದು ಹುಚ್ಚು. ಪಂಪ್‌ಹೌಸನ್ನು ತಗಡಿನ ಬದಲು ಕಾಂಕ್ರೀಟ್ ಸ್ಲ್ಯಾಬಿನಲ್ಲಿ, ನಾಲ್ಕು ಗೋಡೆ ಇಟ್ಟು ಸ್ವಲ್ಪ ದೊಡ್ಡದಾಗಿ ಕಟ್ಟಿ, ಸರಳು ಕೂಡಿಸಿ, ಅರ್ಥಿಂಗ್ ಮಾಡಿದರೆ ಸಿಡಿಲಿಗೆ ಅಷ್ಟೇ ಸಾಕು. ಸ್ಟಾರ್ಟರ್ ಡಬ್ಬಿಯಿಂದ ದೂರ ಕೂರಬೇಕು, ಅಷ್ಟೇ. ನಾಲ್ಕು ಕಂಬದ ತಗಡಿನ ಕೆಳಗೆ ಮಾತ್ರ ನಿಲ್ಲಬೇಡಿ, ಅದು ಮಳೆಗೆ ಆಗುತ್ತೆ, ಸಿಡಿಲಿಗೆ ಆಗಲ್ಲ.

ಮುಂಗಾರಿಗೆ ಮೊದಲಿನ ಮಳೆಗಳಲ್ಲಿ ಕೋಣೆ ಬಳಕೆಗೆ ಬಂತು. ಒಂದು ಸಂಜೆ ಗಾಳಿ ಎದ್ದು ಬೇವಿನ ಮರದ ದೊಡ್ಡ ಟೊಂಗೆಯೇ ಮುರಿದು ಬಿದ್ದಿತ್ತು. ಹದಿನೇಳೋ ಹದಿನೆಂಟೋ ಮಂದಿ ಒಳಗಿದ್ದರು, ಆಡೂ ಇದ್ದವು. ನಾನು ಮರುವಾರ ಹೋಗಿ ನೋಡಿದೆ. ಮೂಲೆಯಲ್ಲಿ ಒಂದು ಕಡೆ ಒದ್ದೆ ಬಂದಿತ್ತು, ಹಿಂದಿನ ಗೋಡೆಯ ಮೇಲಿನ ಅಂಚು. ಮಣ್ಣು ಅಲ್ಲಿ ಕೂತಿತ್ತು. ಸರಿಮಾಡಿಸಿದೆವು. ಒಳಗೆ ಅದಾಗಲೇ ಆರು ಚೀಲ ಡಿಎಪಿ ಗೊಬ್ಬರ ಬಂದು ಕೂತಿತ್ತು. ಅದನ್ನು ತೆಗೆಸೋಕೆ ಒದ್ದೆ ಸರಿಮಾಡಿಸೋದಕ್ಕಿಂತ ಜಾಸ್ತಿ ಮಾತಾಡಬೇಕಾಯಿತು.

ಈ ಸುದ್ದಿ ಕೇಳಿ ಕಾರಟಗಿ ಕಡೆಯಿಂದ ಇನ್ನೊಬ್ಬರು ಬಂದಿದ್ದಾರೆ. ಅವರದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಭತ್ತದ ಗದ್ದೆ. ಅಲ್ಲಿ ಎರಡು ಅಡಿ ಅಗೆದರೆ ನೀರು ಒಸರುತ್ತೆ, ದಿನ್ನೆಯೂ ಇಲ್ಲ. ನೆಲದಡಿ ಮಾತೇ ಬೇಡ ಅಂದೆ. ಗದ್ದೆ ಮಟ್ಟಕ್ಕಿಂತ ಎರಡಡಿ ಎತ್ತರದ ಅಡಿಪಾಯ, ಅದರ ಮೇಲೆ ಇದೇ ಕಬ್ಬಿಣದ ಪಂಜರದ ಕೋಣೆ, ಹತ್ತೋಕೆ ಮೆಟ್ಟಿಲ ಬದಲು ಇಳಿಜಾರು. ಡ್ರಾಯಿಂಗ್ ಅರ್ಧ ಆಗಿದೆ. ಅವರ ಕೂಲಿಯವರ ಹತ್ತಿರ ಆಡಿಲ್ಲ, ಎಮ್ಮೆ ಇವೆಯಂತೆ. ಬಾಗಿಲು ಎಷ್ಟು ಅಗಲ ಇಡೋದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.